ಬಲ ರೆಕ್ಕೆಯ ನೆಗ್ಗು

ಹಾಸಿಗೆ ನೆಗ್ಗಮ್ಮನನ್ನು ಸೊಂಟದವರೆಗೆ ನುಂಗಿತ್ತು.

"ಕೂತ್ಕೊಳ್ಳಿ ಅಮ್ಮಾ" ಎಂದು ಜಾಹೀರಾತಿನವನು ಕೈ ತೋರಿಸಿದಾಗ ಅವಳು ಅದನ್ನು ಸೋಫಾ ಎಂದೇ ತಿಳಿದಿದ್ದಳು. ಕೂತ ಮೇಲೆ ಗೊತ್ತಾಯಿತು, ಅದು ಸೋಫಾದ ವೇಷ ಹಾಕಿದ ಹಾಸಿಗೆ. ಮಂಡಿಗಳು ಎದೆಯ ಹತ್ತಿರಕ್ಕೆ ಬಂದವು, ಕೈಚೀಲ ಮಂಡಿಯ ಮೇಲೆ ಏರಿ ಕೂತಿತು. ಪ್ರಶ್ನೆ ಕೇಳಬೇಕಾದವಳು ತೊಟ್ಟಿಲಲ್ಲಿರುವ ಕೂಸಿನ ಹಾಗೆ ಕೆಳಗಿನಿಂದ ಮೇಲಕ್ಕೆ ನೋಡಬೇಕಾಯಿತು.

ಉತ್ತರ ಹೇಳಬೇಕಾದವನು ಎತ್ತರದ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದ. ಆ ಕಚೇರಿಯಲ್ಲಿದ್ದ ಕುರ್ಚಿ ಅದೊಂದೇ. ಉಳಿದ ಜಾಗದಲ್ಲೆಲ್ಲ ಜಾಹೀರಾತು ಮಾಡಿಸಿದ ಕಂಪನಿಯವರು ಕಳಿಸಿದ ಹಾಸಿಗೆಗಳು ಗೋಡೆಗೆ ಒರಗಿ, ನೆಲಕ್ಕೆ ಮಲಗಿ, ಬಾಗಿಲಿಗೆ ಅಡ್ಡ ನಿಂತು ಸುಖವಾಗಿದ್ದವು. ಹಗಲೆಲ್ಲ ಅವುಗಳ ನಡುವೆ ಇದ್ದು ಇದ್ದು ಆ ಮನುಷ್ಯನಿಗೆ ಅರೆನಿದ್ದೆಯೇ ಸ್ವಭಾವವಾಗಿಬಿಟ್ಟಿತ್ತು. ಅವನು ಆಕಳಿಸಿದಾಗ ನೆಗ್ಗಮ್ಮನಿಗೂ ಆಕಳಿಕೆ ಬಂತು. ಪತ್ತೇದಾರಿಗೆ ಬಂದವಳು ಶಂಕಿತನ ಎದುರು ಬಾಯಿ ತೆರೆದು ಆಕಳಿಸುವುದೆಂದರೆ ಮರ್ಯಾದೆಯ ಪ್ರಶ್ನೆ. ಹಲ್ಲು ಕಚ್ಚಿ ತಡೆದಳು. ಕಣ್ಣಲ್ಲಿ ನೀರು ಬಂತು.

"ಅಳಬೇಡಿ ಅಮ್ಮಾ" ಎಂದ ಅವನು, ಮರುಕದಿಂದ.

ಅಳುವಂಥ ಕಾರಣವೇನೋ ಇತ್ತು. ಅವಳ ಸೊಸೆ ಒಂದು ಯುದ್ಧದ ಸಿನಿಮಾಕ್ಕೆಂದು ಕಂಪ್ಯೂಟರಿನೊಳಗೆ ಕಟ್ಟಿದ ಹಳೇ ಕಾಲದ ಯುದ್ಧವಿಮಾನ, ಸಿನಿಮಾ ತೆರೆಗೆ ಬರುವ ಮೊದಲೇ ಈ ಮಹಾನುಭಾವನ ಹಾಸಿಗೆ ಜಾಹೀರಾತಿನಲ್ಲಿ ಹಾರಿಬಿಟ್ಟಿತ್ತು. ಕದ್ದು ಕೊಟ್ಟವಳು ಅವಳೇ ಎಂದು ಸ್ಟುಡಿಯೋದ ಯಜಮಾನರು ಸೊಸೆಯನ್ನು ಮನೆಗೆ ಕಳಿಸಿದ್ದರು. ನಾಳೆ ಬೆಳಗಾಗುವುದರೊಳಗೆ ಬೇರೆ ಕಳ್ಳ ಸಿಗದಿದ್ದರೆ ಕೆಲಸವೂ ಹೋಯಿತು, ಸಿನಿಮಾದ ಕೊನೆಯಲ್ಲಿ ಬರಬೇಕಾದ ಹೆಸರೂ ಹೋಯಿತು. ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿದವಳು ಎಂಬ ಮಾತು ಒಮ್ಮೆ ಅಂಟಿಕೊಂಡರೆ ಆ ಕಸುಬಿನಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ.

ಜಾಹೀರಾತನ್ನು ನೆಗ್ಗಮ್ಮ ನೋಡಿದ್ದಳು. ಮೋಡ ಸೀಳಿಕೊಂಡು ವಿಮಾನ ಬರುತ್ತದೆ, ಅದರ ಹೊಟ್ಟೆ ಬಾಯಿ ಬಿಡುತ್ತದೆ, ಬಾಂಬಿನ ಬದಲು ಡಬಲ್ ಹಾಸಿಗೆ ಬೀಳುತ್ತದೆ, ಹೊಲದಲ್ಲಿ ಓಡುತ್ತಿದ್ದ ಗಂಡಹೆಂಡತಿ ಅದರ ಮೇಲೆ ಬಿದ್ದು ಗೊರಕೆ ಹೊಡೆಯುತ್ತಾರೆ. "ಎಲ್ಲಿ ಬಿದ್ದರೂ ನಿದ್ದೆ" ಎಂದು ಅಕ್ಷರ ಮೂಡುತ್ತದೆ. ಸಿನಿಮಾದ ನಿರ್ದೇಶಕರು ಅದನ್ನು ನೋಡಿದ ದಿನ ನೀರೂ ಮುಟ್ಟಿರಲಿಲ್ಲವಂತೆ. ತಮ್ಮ ನಾಯಕ ಪ್ರಾಣ ಬಿಡುವ ವಿಮಾನದಿಂದ ಹಾಸಿಗೆ ಬಿದ್ದರೆ, ಇನ್ನು ಆ ಸಾವಿಗೆ ಅಳುವವರು ಯಾರು ಎಂಬುದು ಅವರ ಸಂಕಟ.

ಸೊಸೆಯ ಸಂಕಟವೇ ಬೇರೆ. ಮೂಗು ಒರೆಸಿಕೊಳ್ಳುತ್ತ ಅವಳು ಅತ್ತೆಗೆ ಹೇಳಿದ ಮೊದಲ ಮಾತು ಇದು: "ಆ ವಿಮಾನದ ಹೊಟ್ಟೆ ತೆರೆಯೋದೇ ಇಲ್ಲ ಅತ್ತೆ. ಯುದ್ಧವಿಮಾನ ಅದು, ಸಾಮಾನು ಸಾಗಿಸೋ ಗಾಡಿ ಅಲ್ಲ." ಕೆಲಸ ಹೋದದ್ದಕ್ಕಿಂತ ವಿಮಾನಕ್ಕೆ ಇಲ್ಲದ ಬಾಗಿಲು ಕೊರೆದದ್ದು ಅವಳಿಗೆ ಹೆಚ್ಚು ನೋವಾಗಿತ್ತು. ಇಂಥವಳು ಕದ್ದು ಮಾರುತ್ತಾಳೆಯೇ ಎಂದು ನೆಗ್ಗಮ್ಮನಿಗೆ ಅನ್ನಿಸಿದ್ದು ಆವಾಗಲೇ.

ನೆಗ್ಗಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವಾಹನ ವಿಮೆಯ ಕಚೇರಿಯಲ್ಲಿ ಅವಳು ಸರ್ವೇಯರ್ ಆಗಿದ್ದಾಗ ಗ್ಯಾರೇಜಿನವರು ಇಟ್ಟದ್ದು. ಗುದ್ದಿಸಿಕೊಂಡು ಬಂದ ಕಾರಿನ ನೆಗ್ಗಿನ ಮೇಲೆ ಹೆಬ್ಬೆರಳು ಆಡಿಸಿ, ಇದು ಕಂಬಕ್ಕೆ ಗುದ್ದಿದ್ದು, ಇದು ಎಮ್ಮೆ ಗುದ್ದಿದ್ದು, ಇದು ಮಾತ್ರ ಸಿಟ್ಟಿನಲ್ಲಿ ಮನೆಯವರೇ ಒದ್ದದ್ದು ಎಂದು ಹೇಳುತ್ತಿದ್ದಳು. ಸುಳ್ಳು ಹೇಳಿ ವಿಮೆ ಪಡೆಯಲು ಬಂದವರು ಅವಳ ಹೆಬ್ಬೆರಳು ಕಂಡರೆ ಬೆವರುತ್ತಿದ್ದರು. ಸ್ವಂತ ಅಣ್ಣನ ಸ್ಕೂಟರಿನ ಅರ್ಜಿಯನ್ನೂ ತಳ್ಳಿಹಾಕಿದವಳು ಎಂದು ಊರಿಗೇ ಗೊತ್ತು. ಅಣ್ಣ ಈಗಲೂ ಮಾತು ಬಿಟ್ಟಿದ್ದಾನೆ.

ಅದಕ್ಕೇ ಯಜಮಾನರು ಈ ಪತ್ತೆಯನ್ನು ಅವಳಿಗೆ ಒಪ್ಪಿಸಿದ್ದು. "ನೀವು ಬರೆದುಕೊಟ್ಟದ್ದೇ ಕೊನೇ ಮಾತು" ಎಂದಿದ್ದರು. ಆರೋಪ ಹೊತ್ತವಳ ಅತ್ತೆಯೇ ಪತ್ತೆ ಮಾಡುವುದು ಸರಿಯೇ ಎಂದು ಯಾರೋ ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರಂತೆ. ಸೊಸೆಗಾಗಿ ಸುಳ್ಳು ಹೇಳುವ ಅತ್ತೆಯನ್ನು ಈ ಭೂಮಿಯ ಮೇಲೆ ಯಾರು ಕಂಡಿದ್ದಾರೆ?

* * *

ಆ ಬೆಳಿಗ್ಗೆ ಅವಳು ಸ್ಟುಡಿಯೋಗೆ ಹೋಗಿಬಂದಿದ್ದಳು.

ಯಜಮಾನರು ಎಂದಿನಂತೆ "ನಾವೆಲ್ಲ ಒಂದೇ ಮನೆಯವರು" ಎಂದು ಶುರುಮಾಡಿದರು. ಹಾಗೆನ್ನುವವರ ಮನೆಯಲ್ಲಿ ಯಾರಿಗೂ ಕೂರಲು ಜಾಗವಿರುವುದಿಲ್ಲ ಎಂಬುದು ನೆಗ್ಗಮ್ಮನ ಅನುಭವ. ಜಾಹೀರಾತಿನವನೂ ಹಿಂದೊಮ್ಮೆ ಆ ಮನೆಯವನೇ ಆಗಿದ್ದ, ಅರ್ಧ ಪಾಲುದಾರ. ಈಗ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಅವನ ಹೆಸರೆತ್ತಿದರೆ ಯಜಮಾನರು ಬಾಯಿ ತೊಳೆಯಲು ನೀರು ಕೇಳುತ್ತಿದ್ದರು.

ಇನ್ನೊಬ್ಬ ಇದ್ದ, ಬಣ್ಣದವನು. ಸೊಸೆ ಕಟ್ಟಿಕೊಟ್ಟ ವಿಮಾನಕ್ಕೆ ಕಂಪ್ಯೂಟರಿನಲ್ಲೇ ಬಣ್ಣ ಬಳಿದು, ತುಕ್ಕು ಹಿಡಿಸಿ, ಹೊಗೆಯ ಕಲೆ ಹಚ್ಚಿ ಹಳತು ಮಾಡುವುದು ಅವನ ಕೆಲಸ. ತಲೆಗೂದಲು ನರೆತ ಗೃಹಸ್ಥ. ನಿರ್ದೇಶಕರು ವಿಮಾನ ನೋಡಿ ಸೊಸೆಯನ್ನು ಹೊಗಳಿದರೇ ಹೊರತು ತನ್ನ ತುಕ್ಕನ್ನು ಹೊಗಳಲಿಲ್ಲ ಎಂದು ಅವನಿಗೆ ಹೊಟ್ಟೆಯೊಳಗೆ ಕುದಿ. ಕಳ್ಳತನದ ಮಾತೆತ್ತಿದ ಕೂಡಲೇ, ಕೇಳದೆಯೇ, ತಾನು ಆ ವಾರ ಕೆಮ್ಮಿನಿಂದ ಮಲಗಿದ್ದೆ ಎಂದು ಔಷಧಿ ಬಾಟಲಿ ತೆಗೆದು ತೋರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೆಗ್ಗಮ್ಮ ಅವನನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಆದರೆ ಸುಳಿವು ಕೊಟ್ಟವನೂ ಅವನೇ.

ವಿಮಾನ ಹಾರುವ ಹಳೆಯ ಮೈದಾನದ ಪಕ್ಕದ ಉದ್ಯಾನದಲ್ಲಿ ನಿಜವಾದ ವಿಮಾನ ಕಂಬದ ಮೇಲೆ ನಿಂತಿದೆ. ಸೊಸೆ ನೋಡಿ ಕಟ್ಟಿದ್ದು ಅದನ್ನೇ. ಹೋದ ವಾರ ನೆಗ್ಗಮ್ಮ ಅಲ್ಲಿಯ ತೋಟಗಾರನ ಏಣಿ ಹತ್ತಿ ಅದನ್ನು ಮುಟ್ಟಿ ನೋಡಿ ಬಂದಿದ್ದಳು. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಅಂಗೈಯಷ್ಟು ಒಂದು ನೆಗ್ಗು. ಕಂಬದ ಮೇಲೆ ಕೂರಿಸುವಾಗ ಕ್ರೇನಿನ ಕೊಕ್ಕೆ ತಾಗಿ ಆದದ್ದು, ಅನುಮಾನವೇ ಇಲ್ಲ. ಬಲ ರೆಕ್ಕೆ ನುಣ್ಣಗಿದೆ. ಸ್ಟುಡಿಯೋದ ಪರದೆಯ ಮೇಲಿನ ವಿಮಾನದಲ್ಲೂ ಹಾಗೆಯೇ, ಎಡಕ್ಕೆ ನೆಗ್ಗು, ಬಲಕ್ಕೆ ಇಲ್ಲ. ಸೊಸೆ ಕೊಕ್ಕೆಯ ಗೀರನ್ನೂ ಬಿಟ್ಟಿರಲಿಲ್ಲ. ನೆಗ್ಗಮ್ಮನಿಗೆ ಹೆಮ್ಮೆಯಾಯಿತು, ಆದರೆ ಅದನ್ನು ಮುಖದ ಮೇಲೆ ತೋರಿಸುವ ಅಭ್ಯಾಸವಿರಲಿಲ್ಲ.

"ಇಷ್ಟು ಕಟ್ಟೋದಕ್ಕೆ ಎಷ್ಟು ಕಷ್ಟ ಆಗಿರ್ಬೇಕು" ಎಂದಳು.

"ಅರ್ಧ ಕಷ್ಟ" ಎಂದ ಬಣ್ಣದವನು. "ನಾವು ಅರ್ಧ ಮಾತ್ರ ಕಟ್ಟೋದು. ಎಡಗಡೆ ಮಾಡಿ ಕನ್ನಡಿ ಹಿಡೀತೀವಿ. ಬಲಗಡೆ ತಾನಾಗೇ ಬರುತ್ತೆ."

ಅಂಗಿಯ ಒಂದು ತೋಳು ಮಾತ್ರ ಹೊಲಿದು ಇನ್ನೊಂದು ತಾನಾಗೇ ಬರುತ್ತದೆ ಎನ್ನುವ ದರ್ಜಿಯನ್ನು ನೋಡುವಂತೆ ನೆಗ್ಗಮ್ಮ ಅವನನ್ನು ನೋಡಿದಳು. ಅವನು ಗುಂಡಿ ಒತ್ತಿ ತೋರಿಸಿದ. ಅರ್ಧ ವಿಮಾನದ ಪಕ್ಕದಲ್ಲಿ ಇನ್ನರ್ಧ ಚಕ್ಕನೆ ಬಂದು ನಿಂತಿತು.

ಹಾಗಾದರೆ ಎಡಗಡೆಯ ನೆಗ್ಗು ಏನಾಗುತ್ತದೆ ಎಂದು ಅವಳು ಕೇಳಿದಳು. ಅದೂ ಎರಡಾಗುತ್ತದೆ, ಆಮೇಲೆ ಬಲಗಡೆಯದನ್ನು ನೆನಪಿಟ್ಟು ಸರಿಮಾಡಬೇಕು, ಮರೆತರೆ ನಗೆಪಾಟಲು ಎಂದ ಅವನು. ತಾನೇ ಒಮ್ಮೆ ಒಬ್ಬ ನಾಯಕನ ಎರಡು ಕೆನ್ನೆಗೂ ಮಚ್ಚೆ ಇಟ್ಟು ಬೈಸಿಕೊಂಡದ್ದನ್ನು ಹೇಳಿಕೊಂಡ. ಸೊಸೆಯೂ ಮೊದಲು ಬಲ ರೆಕ್ಕೆಯ ನೆಗ್ಗನ್ನು ಮರೆತು ಬಹಳ ದಿನ ಹಾಗೇ ಇಟ್ಟುಕೊಂಡಿದ್ದಳಂತೆ. ಅದನ್ನು ತಿದ್ದಿದ ಮೇಲೆಯೇ ಫೈಲನ್ನು ಎಲ್ಲರಿಗೂ ಸಿಗುವ ಕಂಪ್ಯೂಟರಿಗೆ ಹಾಕಿದ್ದು. ಅಲ್ಲಿಯವರೆಗೆ ಅದು ಅವಳೊಬ್ಬಳ ಹತ್ತಿರವೇ ಇತ್ತು. ಯಜಮಾನರಾಗಲಿ ಬಣ್ಣದವನಾಗಲಿ ಕಂಡದ್ದು ಒಂದೇ ನೆಗ್ಗಿನ ವಿಮಾನವನ್ನು.

ನೆಗ್ಗಮ್ಮನ ಲೆಕ್ಕ ಸುಲಭವಾಯಿತು. ಜಾಹೀರಾತಿನವನ ವಿಮಾನದಲ್ಲಿ ನೆಗ್ಗೇ ಇಲ್ಲದಿದ್ದರೆ ಅವನು ಎಲ್ಲಿಂದಲೋ ನೋಡಿ ಮಾಡಿಕೊಂಡದ್ದು. ಒಂದು ನೆಗ್ಗಿದ್ದರೆ ಸ್ಟುಡಿಯೋದಿಂದ ಹೋದದ್ದು, ಕಳ್ಳ ಬಣ್ಣದವನೋ ಯಜಮಾನರೋ. ಎರಡಿದ್ದರೆ ಎಂಬುದನ್ನು ಅವಳು ಯೋಚಿಸಲೇ ಇಲ್ಲ. ತಿದ್ದುವ ಮೊದಲು ಫೈಲು ತನ್ನ ಮೇಜು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲವೆಂದು ಸೊಸೆ ಹೇಳಿದ್ದಳಲ್ಲ.

* * *

"ವಿಮಾನ ತೋರಿಸಿ" ಎಂದಳು ನೆಗ್ಗಮ್ಮ, ಹಾಸಿಗೆಯ ಆಳದಿಂದ.

ಜಾಹೀರಾತಿನವನು ಒಲ್ಲೆನ್ನಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿ, ಆಕಳಿಸುತ್ತಲೇ, ಉದ್ಯಾನದಲ್ಲಿ ನಿಂತ ವಿಮಾನ ಯಾರಪ್ಪನ ಮನೆ ಸ್ವತ್ತೂ ಅಲ್ಲವೆಂದ. ತಾನೇ ಖುದ್ದಾಗಿ ಹೋಗಿ, ಬಿಸಿಲಲ್ಲಿ ನಿಂತು ಫೋಟೋ ಹೊಡೆದು, ಅಳತೆ ತೆಗೆದು ಮಾಡಿಸಿದ್ದೆಂದ. ಬಿಸಿಲಲ್ಲಿ ನಿಂತ ಕಷ್ಟವನ್ನು ನೆನೆದು ಅವನಿಗೆ ಮತ್ತೊಂದು ಆಕಳಿಕೆ ಬಂತು.

ನೆಗ್ಗಮ್ಮ ಕೈಚೀಲಕ್ಕೆ ಕೈ ಹಾಕಿದಳು. ಆ ಚೀಲದ ಜಿಪ್ಪು ಕೆಟ್ಟು ಎಷ್ಟೋ ಕಾಲವಾಗಿತ್ತು. ಒಳಗಿನಿಂದ ಟವೆಲಿನಲ್ಲಿ ಸುತ್ತಿದ್ದ ಒಂದು ಗೇಣುದ್ದದ ಪ್ಲಾಸ್ಟಿಕ್ಕಿನ ವಿಮಾನ ಹೊರಬಂತು. ಕೆಲಸದಿಂದ ನಿವೃತ್ತಳಾದ ದಿನ ಮಗ ಕೊಟ್ಟ ಉಡುಗೊರೆ. ಹೆಂಡತಿ ವಿಮಾನ ಕಟ್ಟುತ್ತಾಳೆಂದು ಅದೇ ಥರದ ಆಟಿಕೆಯನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಅದಕ್ಕೆ ಮೊದಲು ಅವನು ಅಮ್ಮನಿಗೆ ಕೊಟ್ಟ ಉಡುಗೊರೆಗಳು ಎರಡು: ಒಂದು ಕೊಡೆ, ಮತ್ತೆ ಇನ್ನೊಂದು ಕೊಡೆ. ಹಾಗಾಗಿ ಈ ವಿಮಾನ ಬಂದಾಗ ನೆಗ್ಗಮ್ಮ ಗಂಡನ ಫೋಟೋವನ್ನೂ ಪಕ್ಕಕ್ಕೆ ಸರಿಸಿ ಶೋಕೇಸಿನ ನಟ್ಟನಡುವೆ ಅದಕ್ಕೆ ಜಾಗ ಮಾಡಿದ್ದಳು. ಹೊರಗಿನ ಗಾಜನ್ನು ದಿನಾ ಒರೆಸುತ್ತಿದ್ದಳು, ಒಳಗಿರುವುದು ಸವೆದೀತೆಂದು ಮುಟ್ಟುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ "ನನ್ನ ಮಗ ಕೊಟ್ಟಿದ್ದು" ಎಂದು ತೋರಿಸುತ್ತಿದ್ದಳು. ಸೊಸೆ ಪಕ್ಕದಲ್ಲಿ ನಿಂತು, "ಅವರಿಗೆ ಇಂಥದ್ದೆಲ್ಲ ಚೆನ್ನಾಗಿ ಹೊಳೆಯುತ್ತೆ" ಎನ್ನುತ್ತಿದ್ದಳು.

ವಿಮಾನದ ಯಾವ ಭಾಗಕ್ಕೆ ಏನೆನ್ನುತ್ತಾರೋ ತಿಳಿಯದೆ ಪೇಚಾಡುವುದು ಬೇಡವೆಂದು, ಬೆರಳಿಟ್ಟು ತೋರಿಸಲು ಇವತ್ತು ಅದನ್ನು ಹೊರಗೆ ತಂದಿದ್ದಳು.

"ಈ ರೆಕ್ಕೆ. ಇದರ ಮುಂದಿನ ಅಂಚು ದೊಡ್ಡದು ಮಾಡಿ" ಎಂದು ಆಟಿಕೆಯ ಎಡ ರೆಕ್ಕೆಯ ತುದಿ ಹಿಡಿದು ತೋರಿಸಿದಳು.

ಜಾಹೀರಾತಿನವನು ಆಟಿಕೆಯನ್ನು ನೋಡಿದ. ಅವನ ಆಕಳಿಕೆ ಅರ್ಧಕ್ಕೇ ನಿಂತುಹೋಯಿತು. ಇಷ್ಟು ಹೊತ್ತೂ ಅರೆಮುಚ್ಚಿದ್ದ ಕಣ್ಣುಗಳು ಪೂರ್ತಿ ತೆರೆದವು. ನೆಗ್ಗಮ್ಮ ಅದನ್ನು ಗಮನಿಸಿದಳು, ಆದರೆ ಕಾರಣ ಹೊಳೆಯಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು.

ರೆಕ್ಕೆ ಹತ್ತಿರ ಬಂತು. ನೆಗ್ಗು ಇತ್ತು. ಕೊಕ್ಕೆಯ ಗೀರು ಸಮೇತ ಇತ್ತು.

ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು. ಏಳಲು ಆಗುತ್ತಿರಲಿಲ್ಲ, ಅದು ಬೇರೆ ಮಾತು. ಕೆಮ್ಮಿನ ಔಷಧಿಯ ಬಾಟಲಿ ಕಣ್ಣ ಮುಂದೆ ಬಂತು, ಸೊಸೆ ಮತ್ತೆ ಕೆಲಸಕ್ಕೆ ಹೋಗುವುದು ಕಂಡಿತು, ಸಿನಿಮಾದ ಕೊನೆಯಲ್ಲಿ ಹೆಸರೂ ಕಂಡಿತು.

"ನಾನೂ ಅದನ್ನೇ ನೋಡಿ ಮಾಡಿಸಿದ್ದು ಅಂದ್ನಲ್ಲ. ಉದ್ಯಾನದ ವಿಮಾನಕ್ಕೆ ನೆಗ್ಗಿದೆ, ನನ್ನದಕ್ಕೂ ನೆಗ್ಗಿದೆ. ಇದರಲ್ಲಿ ತಪ್ಪೇನು?" ಎಂದ ಅವನು.

"ತಿರುಗಿಸಿ. ಬಲ ರೆಕ್ಕೆ" ಎಂದಳು ನೆಗ್ಗಮ್ಮ.

ವಿಮಾನ ಪರದೆಯಲ್ಲಿ ನಿಧಾನವಾಗಿ ಹೊರಳಿತು. ಬಲ ರೆಕ್ಕೆ ಮುಂದೆ ಬಂತು. ಅಲ್ಲೂ ನೆಗ್ಗಿತ್ತು. ಅದೇ ಜಾಗ, ಅದೇ ಆಳ, ಅದೇ ಗೀರು, ಎಡದ್ದು ಬಲವಾಗಿ.

ಜನ್ಮವೆಲ್ಲ ನೆಗ್ಗು ನೋಡಿದವಳು ನೆಗ್ಗಮ್ಮ. ಒಂದರಂತೆ ಇನ್ನೊಂದು ನೆಗ್ಗು ಅವಳಿಗೆ ಕಂಡದ್ದಿಲ್ಲ. ಅವಳಿ ಮಕ್ಕಳಾದರೂ ಹುಟ್ಟುತ್ತವೆ, ಅವಳಿ ನೆಗ್ಗು ಹುಟ್ಟುವುದಿಲ್ಲ.

"ಉದ್ಯಾನದ ವಿಮಾನದ ಬಲ ರೆಕ್ಕೇನ ನಾನು ಈ ಕೈಯಿಂದ ಮುಟ್ಟಿ ಬಂದಿದ್ದೀನಿ" ಎಂದಳು. "ಅದಕ್ಕೆ ನೆಗ್ಗಿಲ್ಲ. ನೀವು ಬಿಸಿಲಲ್ಲಿ ನಿಂತೂ ಇಲ್ಲ, ಅಳತೆ ತೆಗೆದೂ ಇಲ್ಲ. ಇದು ಕಂಪ್ಯೂಟರಿನ ಕನ್ನಡಿಯಲ್ಲಿ ಹುಟ್ಟಿದ ನೆಗ್ಗು. ಕದ್ದ ಮಾಲು ಇದು."

ಅವನ ಬಾಯಿ ತೆರೆಯಿತು, ಈ ಸಲ ಆಕಳಿಕೆಗಲ್ಲ.

ಗೆದ್ದಿದ್ದಳು ನೆಗ್ಗಮ್ಮ. ಗೆದ್ದ ಖುಷಿ ಗಂಟಲು ದಾಟುವ ಮೊದಲೇ ಗೆಲುವು ತಿರುಗಿಬಿತ್ತು. ಎರಡು ನೆಗ್ಗಿನ ವಿಮಾನವನ್ನು ಯಜಮಾನರು ಕಂಡಿರಲಿಲ್ಲ, ಬಣ್ಣದವನು ಕಂಡಿರಲಿಲ್ಲ. ಅದು ಇದ್ದದ್ದು ಒಬ್ಬಳ ಹತ್ತಿರ ಮಾತ್ರ. ಯೋಚಿಸದೆ ಬಿಟ್ಟ ಮೂರನೆಯ ಲೆಕ್ಕವೇ ಬಂದು ಎದುರಿಗೆ ಕೂತಿತ್ತು.

"ಯಾರು ಕೊಟ್ರು?" ಎಂದು ಕೇಳಿದಳು. ದನಿ ತನ್ನದಲ್ಲವೆನ್ನಿಸಿತು.

ಜಾಹೀರಾತಿನವನು ಕುರ್ಚಿಯಿಂದ ಇಳಿದು ಅವಳೆದುರಿನ ಹಾಸಿಗೆಯ ಮೇಲೆ ಕೂತ. ಈಗ ಇಬ್ಬರೂ ಸಮನಾಗಿ ಹೂತಿದ್ದರು. ಅವನು ಹೇಳಿದ್ದು ಇಷ್ಟು. ಪೇಟೆಯ ಆಚೆ ತುದಿಯಲ್ಲಿ ಒಂದು ಅಂಗಡಿಯಿದೆ. ಕಂಪ್ಯೂಟರಿನಲ್ಲಿ ಮಾಡಿದ ಆಕಾರವನ್ನು ಕೊಟ್ಟರೆ, ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಹಾಕಿ, ಗೊಂಬೆಯಾಗಿ ಎಬ್ಬಿಸಿ ಕೊಡುವ ಯಂತ್ರ ಅಲ್ಲಿದೆ. ಪುಟ್ಟ ಹಾಸಿಗೆಯ ಮಾದರಿ ಮಾಡಿಸಲು ಹೋದಾಗ ಅಂಗಡಿಯವನ ಕಂಪ್ಯೂಟರಿನಲ್ಲಿ ಈ ವಿಮಾನ ಕಂಡಿತಂತೆ. ಯಾರದ್ದೆಂದು ಕೇಳಿದರೆ, ಮಾಡಿಸಿಕೊಂಡು ಹೋದವರೇ ಬೇಕಾದವರಿಗೆ ಕೊಡಿ ಎಂದಿದ್ದಾರೆ, ತಗೊಂಡು ಹೋಗಿ ಎಂದನಂತೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವಂಥ ಸನ್ಯಾಸಿ ತಾನಲ್ಲ ಎಂದ ಜಾಹೀರಾತಿನವನು.

"ಮಾಡಿಸಿಕೊಂಡು ಹೋದವರು ಯಾರು?"

ಅವನು ಅವಳ ಮುಖ ನೋಡಿದ, ಆಮೇಲೆ ಅವಳ ಕೈ ನೋಡಿದ.

"ಅದನ್ನ ನೀವೇ ಹೇಳ್ಬೇಕು ಅಮ್ಮಾ. ಆ ಅಂಗಡೀಲಿ ಮಾಡಿಸಿದ ಗೊಂಬೆಗಳ ಹೊಟ್ಟೆ ಕೆಳಗೆ ಒಂದು ಮೀನಿನ ಗುರುತು ಇರುತ್ತೆ. ನಿಮ್ಮ ಕೈಲಿರೋದನ್ನ ತಿರುಗಿಸಿ ನೋಡಿ."

ತಿರುಗಿಸುವ ಅಗತ್ಯವಿರಲಿಲ್ಲ, ಆದರೂ ತಿರುಗಿಸಿದಳು. ಕಿರುಬೆರಳ ಉಗುರಿನಷ್ಟು ಮೀನು ಅಲ್ಲಿ ನಗುತ್ತಿತ್ತು.

ಅವಳ ಹೆಬ್ಬೆರಳು ತಾನಾಗೇ ಎಡ ರೆಕ್ಕೆಯ ಮೇಲೆ ಹರಿಯಿತು. ಸಣ್ಣಗೆ ತಗ್ಗಿತು. ಬಲ ರೆಕ್ಕೆಯ ಮೇಲೆ ಹರಿಯಿತು. ಅಲ್ಲೂ ತಗ್ಗಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಪರರ ಕಾರಿನ ಮೇಲೆ ಕೂದಲೆಳೆಯಷ್ಟು ನೆಗ್ಗಿದ್ದರೂ ಹಿಡಿಯುತ್ತಿದ್ದವಳಿಗೆ ತನ್ನ ಶೋಕೇಸಿನ ಎರಡು ನೆಗ್ಗು ಕಂಡಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಮಗ ಕೊಟ್ಟದ್ದರಲ್ಲಿ ನೆಗ್ಗು ಹುಡುಕುವ ಅಭ್ಯಾಸ ಅವಳಿಗಿರಲಿಲ್ಲ.

"ಏಳೋಕೆ ಕೈ ಕೊಡಲಾ?" ಎಂದು ಜಾಹೀರಾತಿನವನು ಕೇಳಿದ.

ಅವಳು ಬೇಡವೆಂದು ಹೇಳಿ, ಹಾಸಿಗೆಯ ಅಂಚಿನವರೆಗೆ ಮಗ್ಗುಲಾಗಿ ಹೊರಳಿ, ನೆಲಕ್ಕೆ ಮಂಡಿಯೂರಿ, ಆಮೇಲೆ ಎದ್ದಳು. ನಿವೃತ್ತ ಸರ್ವೇಯರ್ ಒಬ್ಬಳು ತನಿಖೆ ಮುಗಿಸಿ ಹೊರಡುವ ರೀತಿ ಅದಾಗಿರಲಿಲ್ಲ.

* * *

ಕಾರಿನೊಳಗೆ ಕೂತು ಅವಳು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

ಆ ಕಾರಿಗೂ ಒಂದು ನೆಗ್ಗಿದೆ, ಹಿಂದಿನ ಬಾಗಿಲ ಮೇಲೆ. ಲಾರಿ ಗುದ್ದಿದ್ದು ಎಂದು ಎಲ್ಲರಿಗೂ ಹೇಳಿದ್ದಾಳೆ. ನಿಜಕ್ಕೂ ಅದು ಮಗ ಕಾರು ಕಲಿಯುವಾಗ ಮನೆಯ ಗೇಟಿಗೆ ತಾಗಿಸಿದ್ದು. ವಿಮೆ ಕೇಳಲಿಲ್ಲ, ಅಷ್ಟರಮಟ್ಟಿಗೆ ನ್ಯಾಯ. ಆದರೆ ಆ ನೆಗ್ಗನ್ನು ನೋಡಿ ಯಾವ ಗ್ಯಾರೇಜಿನವನೂ ಲಾರಿ ಎಂದು ನಂಬಲಿಲ್ಲ, ಅವಳೆದುರು ಹಾಗೆನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ.

ಮಗನಿಗೆ ಫೋನು ಮಾಡಿದಳು. ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುತ್ತಾನೆ, ಮನೆಯಲ್ಲಿ ಎದುರಿಗಿರುವ ಚಪ್ಪಲಿ ಕಾಣುವುದಿಲ್ಲ.

"ಶೋಕೇಸಿನ ವಿಮಾನ ಯಾವ ಅಂಗಡೀದು ಕಣೋ?"

"ಯಾಕಮ್ಮಾ, ಮುರಿದುಹೋಯ್ತಾ?"

"ಮುರಿದಿಲ್ಲ. ಯಾವ ಅಂಗಡಿ?"

"ಅವಳನ್ನ ಕೇಳು."

"ಅವಳನ್ನ ಯಾಕೆ ಕೇಳಲಿ? ಕೊಟ್ಟವನು ನೀನು."

"ಕೊಟ್ಟಿದ್ದು ನಾನು. ಮಾಡಿಸಿದ್ದು ಅವಳು" ಎಂದ ಮಗ. ಎಷ್ಟೋ ದಿನ ಹೊತ್ತ ಮೂಟೆಯನ್ನು ಇಳಿಸಿದವನ ದನಿ. "ಅವಳು ಕೊಟ್ರೆ ನೀನು 'ನನ್ನ ಹತ್ತಿರ ಇದೆಯಲ್ಲ' ಅಂದುಬಿಡ್ತೀಯ ಅಂತ ನನ್ನ ಕೈಲಿ ಕೊಡಿಸಿದ್ಲು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ಲು. ನಾನು ಆ ವರ್ಷವೂ ಕೊಡೆ ತಂದಿದ್ದೆ ಅಮ್ಮಾ. ಬೀರು ಮೇಲೆ ಇನ್ನೂ ಇದೆ."

ನೆಗ್ಗಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

ನನ್ನ ಹತ್ತಿರ ಇದೆಯಲ್ಲ. ಆ ಮಾತು ಅವಳದ್ದೇ. ಮದುವೆಯಾದ ಹೊಸದರಲ್ಲಿ ಸೊಸೆ ಒಂದು ಕೈಚೀಲ ತಂದುಕೊಟ್ಟಿದ್ದಳು. ನನ್ನ ಹತ್ತಿರ ಇದೆಯಲ್ಲ ಎಂದು ನೆಗ್ಗಮ್ಮ ಹಿಂದಿರುಗಿಸಿದ್ದಳು. ಹಿಂದಿರುಗಿಸಿದವಳ ಮಡಿಲಲ್ಲಿ ಈಗ ಜಿಪ್ಪು ಕೆಟ್ಟ ಆ ಹಳೆಯ ಚೀಲವೇ ಇತ್ತು. ಅದರ ಬಾಯಿಂದ ವಿಮಾನದ ಬಾಲ ಇಣುಕುತ್ತಿತ್ತು. ನಾಚಿಕೆಯೂ ಆಯಿತು, ಪ್ರೀತಿಯೂ ಉಕ್ಕಿತು. ಎರಡನ್ನೂ ಒಟ್ಟಿಗೆ ಇಟ್ಟುಕೋ ಎಂದರೆ ಎಲ್ಲಿಡಬೇಕೋ ತಿಳಿಯಲಿಲ್ಲ.

ನನ್ನ ಮಗ ಕೊಟ್ಟಿದ್ದು ಎಂದು ಅವಳು ಊರಿಗೆಲ್ಲ ತೋರಿಸುವಾಗ, ಮಾಡಿಸಿದವಳು ಪಕ್ಕದಲ್ಲಿ ನಿಂತು ಹೂಂಗುಟ್ಟಿದ್ದಳು.

ಆದರೆ ಹೆಬ್ಬೆರಳಿಗೆ ಪ್ರೀತಿ ಗೊತ್ತಿಲ್ಲ, ನೆಗ್ಗು ಮಾತ್ರ ಗೊತ್ತು. ಫೈಲು ತನ್ನ ಮೇಜು ಬಿಟ್ಟು ಹೋಗಿಲ್ಲವೆಂದು ಸೊಸೆ ಹೇಳಿದ್ದು ಸುಳ್ಳು. ಅದು ಅಂಗಡಿಗೆ ಹೋಗಿತ್ತು. ಒಯ್ದವಳು ಅವಳೇ. ಅತ್ತೆಗೆ ಉಡುಗೊರೆಯ ಗುಟ್ಟು ಬಿಟ್ಟುಕೊಡಬಾರದೆಂದು ಹೇಳಿದ ಸುಳ್ಳೋ, ಬೇರೆ ಏನನ್ನೋ ಮುಚ್ಚಲು ಹೇಳಿದ ಸುಳ್ಳೋ? ಬೇಕಾದವರಿಗೆ ಕೊಡಿ ಎಂದವರು ಯಾರು? ನಾಳೆ ಬೆಳಿಗ್ಗೆ ಯಜಮಾನರಿಗೆ ಬರೆದುಕೊಡುವುದಾದರೆ, ಕಂಡದ್ದನ್ನು ಕಂಡಂತೆ ಬರೆದರೆ, ಎರಡು ಸಾಲಿನಲ್ಲಿ ಸೊಸೆಯ ಬಾಳು ಮುಗಿಯುತ್ತದೆ. ಬರೆಯದಿದ್ದರೆ ನೆಗ್ಗಮ್ಮ ಎಂಬ ಹೆಸರು ಮುಗಿಯುತ್ತದೆ.

ಮೊದಲು ಅವಳನ್ನೇ ಕೂರಿಸಿ ಕೇಳಬೇಕು ಎಂದುಕೊಂಡು ಕಾರು ಹೊರಡಿಸಿದಳು. ಏನೆಂದು ಕೇಳಬೇಕು, ಬೈದು ಕೇಳಬೇಕೋ ಅಪ್ಪಿಕೊಂಡು ಕೇಳಬೇಕೋ ಎಂದು ದಾರಿಯುದ್ದಕ್ಕೂ ತೀರ್ಮಾನವಾಗಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವನು, ಹಿಂದಿನ ಬಾಗಿಲಿಗೆ ಏನಾಯಿತು ಅಜ್ಜೀ ಎಂದು ಕೇಳಿದ. ಗೇಟು ಎಂದು ಬಾಯಿ ತಪ್ಪಿ ನಿಜ ಹೇಳಿಬಿಟ್ಟಳು.

* * *

ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗೆ ಮಿರಮಿರ ಮಿಂಚುವ ಕಂದು ಬೂಟುಗಳು. ಮಗನದ್ದಲ್ಲ. ಅವನ ಚಪ್ಪಲಿಗಳು ಯಾವಾಗಲೂ ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ.

ಒಳಗೆ ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಅತ್ತೆಯನ್ನು ಕಂಡವಳು ಕಳ್ಳ ಸಿಕ್ಕಿದನೇ ಎಂದು ಕೇಳಲಿಲ್ಲ. ಅವಳ ಕಣ್ಣು ನೇರವಾಗಿ ಕೈಚೀಲಕ್ಕೆ ಹೋಗಿ ಅಲ್ಲೇ ನಿಂತಿತು.

ಶೋಕೇಸಿನ ಮುಂದೆ, ಕೈ ಹಿಂದೆ ಕಟ್ಟಿಕೊಂಡು, ಸ್ಟುಡಿಯೋದ ಯಜಮಾನರು ನಿಂತಿದ್ದರು. ಒಂದೇ ಮನೆಯವರು ಎಂದು ದಿನಕ್ಕೆ ಹತ್ತು ಸಲ ಹೇಳಿದರೂ ಈ ಮನೆಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಗಾಜಿನೊಳಗೆ ನಡುವಿನ ಹಲಗೆಯ ಧೂಳಿನಲ್ಲಿ ವಿಮಾನದ ಆಕಾರದ ಒಂದು ಜಾಗ ಮಾತ್ರ ಚೊಕ್ಕಟವಾಗಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಬನ್ನಿ ಅಮ್ಮಾ" ಎಂದರು ಯಜಮಾನರು ತಿರುಗಿ, ಮನೆ ತಮ್ಮದೇ ಎಂಬಂತೆ. "ಬೆಳಿಗ್ಗೆವರೆಗೆ ಯಾಕೆ ಕಾಯೋದು ಅಂತ ನಾನೇ ಬಂದೆ. ನಿಮ್ಮ ಶೋಕೇಸಿನ ನಡುವೆ ಒಂದು ಪ್ಲಾಸ್ಟಿಕ್ ವಿಮಾನ ಇತ್ತಲ್ಲ, ಅದೆಲ್ಲಿ? ಅದನ್ನೊಂದು ಸಲ ನೋಡ್ಬೇಕಿತ್ತು."

ನೆಗ್ಗಮ್ಮ ಅವರ ಮುಖವನ್ನು ನೋಡಿದಳು. ಈ ಮನೆಯನ್ನು ಕಾಣದವರಿಗೆ ಶೋಕೇಸು ಹೇಗೆ ಗೊತ್ತು? ಅದರ ನಡುವೆ ಇದ್ದದ್ದು ಪ್ಲಾಸ್ಟಿಕ್ಕಿನದೆಂದು ಹೇಗೆ ಗೊತ್ತು? ಜಾಹೀರಾತಿನವನು ಫೋನು ಮಾಡಿದನೆಂದರೆ, ಅವರಿಬ್ಬರಿಗೂ ಮಾತಿಲ್ಲ. ಮಾತಿದ್ದರೂ, ಕೈಲಿದ್ದ ಆಟಿಕೆಯನ್ನು ಕಂಡವನಿಗೆ ಅದು ಮನೆಯಲ್ಲಿ ಎಲ್ಲಿ ಕೂರುತ್ತಿತ್ತೆಂದು ಅವಳು ಹೇಳಿರಲಿಲ್ಲ.

ಸೊಸೆ ಉಸಿರು ಹಿಡಿದು ನಿಂತಿದ್ದಳು. ಕೆಟ್ಟ ಜಿಪ್ಪಿನ ಸಂದಿಯಿಂದ ವಿಮಾನದ ಬಾಲ ಇನ್ನೂ ಇಣುಕುತ್ತಿತ್ತು. ನೆಗ್ಗಮ್ಮ ಸೆರಗನ್ನು ಎಳೆದು ಚೀಲದ ಬಾಯಿಯ ಮೇಲೆ ಹಾಕಿಕೊಂಡಳು. ಅಣ್ಣನ ಸ್ಕೂಟರಿಗೂ ಬಾಗದಿದ್ದ ನಾಲಗೆ ಒಮ್ಮೆ ಒಣಗಿತು, ಆಮೇಲೆ ಹೊರಳಿತು.

"ಯಾವ ವಿಮಾನ?" ಎಂದಳು.